ಯುಎಸ್‌ಬಿ ಡಿವಿಡಿ ರೈಟರ್: ಸೆಟ್ಟಿಂಗ್ ತಿದ್ದಿದರೆ ನಿಜಕ್ಕೂ ಓಡುತ್ತದೆಯೇ?

ಮೊದಲೇ ಹೇಳಿಬಿಡೋಣ. ಯುಎಸ್‌ಬಿ ಸ್ಲಿಮ್ ಡಿವಿಡಿ ರೈಟರ್ ತಂದು, ಅದು ಕುಂಟುತ್ತಿದೆ ಎಂದು ವಿಂಡೋಸ್ ಸೆಟ್ಟಿಂಗ್ ತಿರುವುತ್ತ ಕೂತರೆ ಸಿಗುವ ಲಾಭ ಅಷ್ಟಕ್ಕಷ್ಟೇ. ವಿಂಡೋಸ್ ಸೆಟ್ಟಿಂಗ್‌ನಿಂದ ನಿಜಕ್ಕೂ ದೊಡ್ಡ ವ್ಯತ್ಯಾಸ ಬರುವ ಜಾಗ ಒಂದೇ ಒಂದು ಇದೆ. ಅದೂ ಹಳೇ ಡೆಸ್ಕ್‌ಟಾಪಿನ ಒಳಗಿನ ಡ್ರೈವಿನಲ್ಲಿ. ಮಿಕ್ಕದ್ದೆಲ್ಲ ಕರೆಂಟು, ಡಿಸ್ಕು, ಧೂಳು, ಫೈಲ್ ಕಾಪಿ ಮಾಡುವ ರೀತಿ ಇವುಗಳಲ್ಲಿ ಅಡಗಿದೆ. ಈ ವಿಮರ್ಶೆಗೆ ಇಟ್ಟುಕೊಂಡ ಮಾದರಿ ಎಲ್‌ಜಿಯ ಜಿಪಿ65ಎನ್‌ಬಿ60: ವೇಗ ಡಿವಿಡಿಗೆ 8 ಎಕ್ಸ್, ಸಿಡಿಗೆ 24 ಎಕ್ಸ್ (ಎಕ್ಸ್ ಎಂದರೆ ಎಷ್ಟೆಂಬುದು ಮುಂದೆ ಇದೆ), ಯುಎಸ್‌ಬಿ 2.0, ಬೇರೆ ಅಡಾಪ್ಟರ್ ಬೇಡ. ಪೆಟ್ಟಿಗೆಯ ಮೇಲೆ ಏಸುಸ್ ಎಂದಿರಲಿ, ಡೆಲ್ ಎಂದಿರಲಿ, 8 ಎಕ್ಸ್ ಸ್ಲಿಮ್ ಡ್ರೈವ್‌ಗಳ ಲೆಕ್ಕ ಹೆಚ್ಚುಕಡಿಮೆ ಇದೇ.

ಈಗ ಡಿಸ್ಕ್ ಯಾರಿಗೆ ಬೇಕು ಎಂದು ಕೇಳುವವರು ಒಮ್ಮೆ ವಿಜಯಪುರದ ಯಾವುದಾದರೂ ಸ್ಕ್ಯಾನಿಂಗ್ ಸೆಂಟರ್ ಮುಂದೆ ನಿಂತು ನೋಡಬೇಕು. ಸಿಟಿ, ಎಂಆರ್‌ಐ ಮಾಡಿಸಿದವರ ಕೈಗೆ ಫಿಲ್ಮಿನ ಜೊತೆ ಸಿಡಿಯೂ ಬರುತ್ತದೆ. ಅದು ಬೆಳಗಾವಿಗೋ ಸೊಲ್ಲಾಪುರಕ್ಕೋ ಮೀರಜಿಗೋ ಹೋಗಿ ಇನ್ನೊಬ್ಬ ಡಾಕ್ಟರ ಟೇಬಲ್ ಮೇಲೆ ತೆರೆಯಬೇಕು. ಹದಿನೈದು ವರ್ಷದ ಹಿಂದಿನ ಮದುವೆ ವಿಡಿಯೋ, ಪ್ರವಚನದ ಎಂಪಿತ್ರೀ, ಡೊಳ್ಳಿನ ಪದ, ಪಾರಿಜಾತದ ರೆಕಾರ್ಡಿಂಗ್ ಎಲ್ಲ ಇನ್ನೂ ಡಿಸ್ಕಿನಲ್ಲೇ ಕೂತಿವೆ. ಪುಟ ಜೋಡಿಸುವ ಹಳೇ ಪೇಜ್‌ಮೇಕರ್, ಫಾಂಟು, ಪ್ರಿಂಟರ್ ಡ್ರೈವರ್ ಸಲುವಾಗಿ ವಿಂಡೋಸ್ ಎಕ್ಸ್‌ಪಿ ಯಂತ್ರವನ್ನು ಬಿಡದೆ ಇಟ್ಟುಕೊಂಡ ಡಿಟಿಪಿಯವರೂ ಇದ್ದಾರೆ.

ವೇಗದ ಲೆಕ್ಕ ಗೊತ್ತಿಲ್ಲದೆ "ಸ್ಲೋ ಆಗೇತಿ" ಅನ್ನುವುದರಲ್ಲಿ ಅರ್ಥವಿಲ್ಲ. ಸಿಡಿಯ 1 ಎಕ್ಸ್ ಅಂದರೆ ಸೆಕೆಂಡಿಗೆ 150 ಕೆಬಿ, ಡಿವಿಡಿಯ 1 ಎಕ್ಸ್ ಅಂದರೆ ಸುಮಾರು 1.385 ಎಂಬಿ. ಹಾಗಾಗಿ 8 ಎಕ್ಸ್ ಡಿವಿಡಿ ಎಂದರೆ 11 ಎಂಬಿ, 24 ಎಕ್ಸ್ ಸಿಡಿ ಎಂದರೆ 3.6 ಎಂಬಿ. ಪೆಟ್ಟಿಗೆಯ ಮೇಲೆ ಬರೆಯದ ಮಾತೊಂದಿದೆ: ಈ ಅಂಕಿ ಸಿಗುವುದು ಡಿಸ್ಕಿನ ಹೊರ ಅಂಚಿನಲ್ಲಿ ಮಾತ್ರ. ಡ್ರೈವ್ ಒಂದೇ ಗತಿಯಲ್ಲಿ, 8 ಎಕ್ಸ್‌ಗೆ ನಿಮಿಷಕ್ಕೆ ಸುಮಾರು 4,600 ಸುತ್ತು, ತಿರುಗುತ್ತಿರುತ್ತದೆ. ನಡುವಿನ ಸುತ್ತಳತೆ ಚಿಕ್ಕದು, ಅಂಚಿನದು ದೊಡ್ಡದು. ಅದಕ್ಕೇ ನಡುವಿನಲ್ಲಿ ಸಿಗುವುದು ಗರಿಷ್ಠದ ಶೇಕಡಾ 40ರಷ್ಟು: ಡಿವಿಡಿಗೆ 4.6 ಎಂಬಿ, ಸಿಡಿಗೆ 1.5 ಎಂಬಿ. ಡೇಟಾ ಬರೆಯುವುದು ನಡುವಿನಿಂದ ಹೊರಕ್ಕೆ. ಹಾಗಾಗಿ 150 ಎಂಬಿಯ ಸ್ಕ್ಯಾನ್ ಇರುವ ಸಿಡಿ 24 ಎಕ್ಸ್ ಮುಟ್ಟುವುದೇ ಇಲ್ಲ, ಯಾವ ಸೆಟ್ಟಿಂಗ್ ಹಾಕಿದರೂ ಮುಟ್ಟುವುದಿಲ್ಲ. ಪೂರ್ತಿ ತುಂಬಿದ 4.7 ಜಿಬಿ ಡಿವಿಡಿ ಗೀರಿಲ್ಲದೆ ಶುಭ್ರವಾಗಿದ್ದರೆ ಹತ್ತು ನಿಮಿಷದ ಆಸುಪಾಸಿನಲ್ಲಿ, 700 ಎಂಬಿಯ ಸಿಡಿ ಐದು ನಿಮಿಷದೊಳಗೆ ಓದಿ ಮುಗಿಯಬೇಕು. ಅಷ್ಟರಲ್ಲಿ ಮುಗಿಯುತ್ತಿದ್ದರೆ ಡ್ರೈವ್ ಸರಿಯಾಗಿದೆ, ಕೈ ಹಚ್ಚಬೇಡಿ. ಇಪ್ಪತ್ತು, ಮೂವತ್ತು ನಿಮಿಷ ಹಿಡಿದರೆ ಮುಂದೆ ಓದಿ.

"ಯುಎಸ್‌ಬಿ 3.0 ಡ್ರೈವ್ ತೊಗೋರಿ, ಫಾಸ್ಟ್ ಇರ್ತದ" ಎಂಬ ಸಲಹೆಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಯುಎಸ್‌ಬಿ 2.0 ನಿಜವಾದ ಬಳಕೆಯಲ್ಲಿ ಸೆಕೆಂಡಿಗೆ 30 ಎಂಬಿಗೂ ಮೇಲೆ ಸಾಗಿಸುತ್ತದೆ, ಡ್ರೈವ್ ಕೊಡುವುದು ಹೆಚ್ಚೆಂದರೆ 11. ದಾರಿ ಅಗಲ ಮಾಡಿದರೆ ಎತ್ತು ಜೋರಾಗಿ ನಡೆಯುವುದಿಲ್ಲ. ಆದರೆ ಪೋರ್ಟ್ ಯುಎಸ್‌ಬಿ 1.1ಕ್ಕೆ ಇಳಿದಿದ್ದರೆ ಮಾತು ಬೇರೆ. ಅಲ್ಲಿ ಸಿಗುವುದು ಸೆಕೆಂಡಿಗೆ ಸುಮಾರು 1 ಎಂಬಿ, ಅಂದರೆ ಡಿವಿಡಿಯ 1 ಎಕ್ಸ್ ಕೂಡ ಪೂರ್ತಿ ಇಲ್ಲ. ಮದುವೆ ವಿಡಿಯೋ ಹಾಕಿದರೆ ಹೆಜ್ಜೆಗೊಮ್ಮೆ ನಿಲ್ಲುತ್ತದೆ. ಹಳೇ ಯಂತ್ರದಲ್ಲಿ ಚಿಪ್‌ಸೆಟ್ ಡ್ರೈವರ್ (ಮದರ್‌ಬೋರ್ಡನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಹಾಕದಿದ್ದಾಗ, ವಿಂಡೋಸ್‌ಗೂ ಮುಂಚೆ ತೆರೆಯುವ ಬಯೋಸ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ 2.0 ಆಫ್ ಇದ್ದಾಗ ಹೀಗಾಗುತ್ತದೆ. ಡಿವೈಸ್ ಮ್ಯಾನೇಜರ್‌ನ ಕೊನೆಯ ಗುಂಪಿನಲ್ಲಿ "ಎನ್‌ಹಾನ್ಸ್‌ಡ್" ಎಂಬ ಹೆಸರಿನ ಹೋಸ್ಟ್ ಕಂಟ್ರೋಲರ್ ಇದೆಯೇ ನೋಡಿ. ಅದು ಇಲ್ಲ, ಹಳದಿ ಚಿಹ್ನೆ ಹೊತ್ತ, ಹೆಸರು ಗೊತ್ತಾಗದ ಸಾಧನ ಇದೆ ಎಂದಾದರೆ ಮದರ್‌ಬೋರ್ಡಿನ ಚಿಪ್‌ಸೆಟ್ ಡ್ರೈವರ್ ಹಾಕಿಸಿದರೆ ಸಾಕು. ಇದು ಹಳೇ ಯಂತ್ರದ ಮಾತು. ಹೊಸ ಲ್ಯಾಪ್‌ಟಾಪಿನಲ್ಲಿ ಆ ಹೆಸರಿನ ಬದಲು "ಎಕ್ಸ್‌ಟೆನ್ಸಿಬಲ್" ಎಂದಿರುತ್ತದೆ, ಅದು ಸರಿಯೇ.

ಸ್ಲಿಮ್ ಡ್ರೈವಿನ ನಿಜವಾದ ದೌರ್ಬಲ್ಯ ಕರೆಂಟು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟ್ 900. ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ, ಬರೆಯುವಾಗ, ಇಂಥ ಡ್ರೈವ್‌ಗಳು ಅದಕ್ಕಿಂತ ಹೆಚ್ಚು ಎಳೆಯಬಲ್ಲವು. ಬಹುತೇಕ ಪೋರ್ಟ್‌ಗಳು ಸ್ವಲ್ಪ ಹೆಚ್ಚು ಕೊಟ್ಟು ಸುಧಾರಿಸುತ್ತವೆ. ಕೊಡದ ಕಡೆ ಲಕ್ಷಣ ಸ್ಪಷ್ಟ: ಡಿಸ್ಕ್ ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಟಿಕ್ ಟಿಕ್ ಸದ್ದು ಬರುತ್ತದೆ, ಮೈ ಕಂಪ್ಯೂಟರ್‌ನಿಂದ ಡ್ರೈವ್ ಮಾಯವಾಗಿ ಮತ್ತೆ ಪ್ರತ್ಯಕ್ಷವಾಗುತ್ತದೆ. ಇದನ್ನು ನೋಡಿ ವಿಂಡೋಸ್ ತಿರುಗಾ ಹಾಕಿಸಿದವರುಂಟು. ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡಿಗೇ ಇರುವ ಪೋರ್ಟಿಗೆ ಚುಚ್ಚಿ. ಅಡಾಪ್ಟರ್ ಇಲ್ಲದ ಹಬ್, ಉದ್ದನೆಯ ಎಕ್ಸ್‌ಟೆನ್ಶನ್ ಕೇಬಲ್ ತೆಗೆದುಹಾಕಿ. ಹಳೇ ಲ್ಯಾಪ್‌ಟಾಪಿಗೆ ಎರಡು ತಲೆಯ ವೈ ಕೇಬಲ್ ಹಾಕಿ ಎರಡು ಪೋರ್ಟಿನಿಂದ ಕರೆಂಟ್ ಕೊಡಿ. ಯಾವ ಸಾಫ್ಟ್‌ವೇರಿಗಿಂತಲೂ ಈ ಕೇಬಲ್ ಹೆಚ್ಚು ಡ್ರೈವ್‌ಗಳನ್ನು ಬದುಕಿಸಿದೆ.

ಇನ್ನು ಆ ಒಂದೇ ಒಂದು ಸೆಟ್ಟಿಂಗ್. ಅದು ಅಗಲ ರಿಬ್ಬನ್ ಕೇಬಲ್ಲಿನಿಂದ ಜೋಡಿಸುವ ಹಳೇ ಬಗೆಯ ಐಡಿಇ ಡ್ರೈವ್ ಇರುವ ಎಕ್ಸ್‌ಪಿ ಯಂತ್ರದ್ದು. ಇಲ್ಲಿ ಡೇಟಾ ಸಾಗಿಸುವ ರೀತಿ ಎರಡು. ಡಿಎಂಎ ಆದರೆ ಡ್ರೈವಿನಿಂದ ನೇರ ಮೆಮೊರಿಗೆ ಹೋಗುತ್ತದೆ, ಅಲ್ಟ್ರಾ ಡಿಎಂಎ ಮೋಡ್ 2 ಎಂದರೆ ಸೆಕೆಂಡಿಗೆ 33 ಎಂಬಿ. ಪಿಐಒ ಆದರೆ ಪ್ರತಿ ತುಣುಕನ್ನೂ ಪ್ರೊಸೆಸರೇ ಹೊರಬೇಕು. ಕಾಗದದ ಮೇಲೆ ಮೋಡ್ 4ಕ್ಕೆ 16.6 ಎಂಬಿ, ಕೈಗೆ ಸಿಗುವುದು ಅದರ ಒಂದು ಪಾಲು. ಜೊತೆಗೆ ಯಂತ್ರವೆಲ್ಲ ಹೂತುಹೋದಂತೆ ಆಗುತ್ತದೆ: ಮೌಸ್ ತಡೆತಡೆದು ಓಡುತ್ತದೆ, ಹಾಡು ಬಿಕ್ಕುತ್ತದೆ. ಎಕ್ಸ್‌ಪಿಯ ಒಂದು ಸ್ವಭಾವ ಗೊತ್ತಿರಬೇಕು: ಡ್ರೈವಿನಿಂದ ಒಟ್ಟು ಆರು ಸಲ ಟೈಮ್‌ಔಟ್ (ಹೊತ್ತಿಗೆ ಉತ್ತರ ಬಾರದಿರುವುದು) ಅಥವಾ ಸಿಆರ್‌ಸಿ ತಪ್ಪು (ಡೇಟಾ ಕೆಟ್ಟು ಬರುವುದು) ಬಂದರೆ ಅದು ಮೋಡನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತದೆ, ತಪ್ಪು ಮುಂದುವರಿದರೆ ಕಡೆಗೆ ಪಿಐಒಗೆ ತಂದು ನಿಲ್ಲಿಸುತ್ತದೆ. ತಾನಾಗಿ ಮೇಲೆ ಏರಿಸುವುದಿಲ್ಲ. ಅಂದರೆ ಗೀರು ಬಿದ್ದ ಒಂದು ಡಿಸ್ಕನ್ನು ಅರ್ಧ ದಿನ ಓದಿಸಲು ಹೆಣಗಿದರೆ ಸಾಕು, ಆಮೇಲೆ ಹಾಕುವ ಹೊಸ ಡಿಸ್ಕುಗಳೂ ತೆವಳುತ್ತವೆ. ಅಂಗಡಿಯಲ್ಲಿ "ಡ್ರೈವ್ ಹೋಗೇತ್ರಿ, ಚೇಂಜ್ ಮಾಡಬೇಕ್ರಿ" ಎಂದು ಎಸೆಯಲಾದ ಡ್ರೈವ್‌ಗಳಲ್ಲಿ ಎಷ್ಟೋ ಹೀಗೆ ಹೋದವು.

ನೋಡುವ ಜಾಗ: ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಹಾರ್ಡ್‌ವೇರ್, ಡಿವೈಸ್ ಮ್ಯಾನೇಜರ್. ಐಡಿಇ ಕಂಟ್ರೋಲರ್ ಗುಂಪು ಬಿಚ್ಚಿ ಸೆಕೆಂಡರಿ ಐಡಿಇ ಚಾನೆಲ್ ಪ್ರಾಪರ್ಟೀಸ್ ತೆರೆಯಿರಿ, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ಪುಟದಲ್ಲಿ "ಕರೆಂಟ್ ಟ್ರಾನ್ಸ್‌ಫರ್ ಮೋಡ್" ಏನಿದೆ ಓದಿ. ಮೇಲಿನ ಪೆಟ್ಟಿಗೆಯಲ್ಲಿ "ಪಿಐಒ ಓನ್ಲಿ" ಇದ್ದರೆ "ಡಿಎಂಎ ಇಫ್ ಅವೈಲಬಲ್" ಮಾಡಿ ರೀಸ್ಟಾರ್ಟ್ ಮಾಡಿ. ಮೇಲೆ ಡಿಎಂಎ ಇದ್ದೂ ಕೆಳಗೆ ಪಿಐಒ ತೋರಿಸುತ್ತಿದ್ದರೆ ಅದು ಮೆಟ್ಟಿಲು ಇಳಿದ ಯಂತ್ರ. ಆಗ ಆ ಚಾನೆಲ್ ಮೇಲೆಯೇ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ, ವಿಂಡೋಸ್ ಚಾನೆಲನ್ನು ಹೊಸದಾಗಿ ಗುರುತಿಸಿ ತಪ್ಪಿನ ಎಣಿಕೆಯನ್ನು ಸೊನ್ನೆಯಿಂದ ಶುರುಮಾಡುತ್ತದೆ. ಹಾರ್ಡ್ ಡಿಸ್ಕೂ ಐಡಿಇ ಆಗಿದ್ದರೆ ಅದು ಸಾಮಾನ್ಯವಾಗಿ ಪ್ರೈಮರಿಯಲ್ಲಿ ಇರುತ್ತದೆ, ಅದನ್ನು ಮುಟ್ಟಬೇಡಿ. ಕೆಲವು ದಿನಕ್ಕೆ ಮತ್ತೆ ಇಳಿದರೆ ತಪ್ಪು ಸೆಟ್ಟಿಂಗಿನದಲ್ಲ, ಹೆಚ್ಚಾಗಿ ಕೇಬಲ್ಲಿನದು. ಮಡಿಕೆ ಬಿದ್ದ ರಿಬ್ಬನ್ ಬದಲಿಸಿ, ಆದರೆ 80 ತಂತಿಯದನ್ನೇ ಹಾಕಿ. ವಿಸ್ಟಾ, ವಿಂಡೋಸ್ 7ರಲ್ಲಿ ಇದೇ ಜಾಗದಲ್ಲಿ "ಎನೇಬಲ್ ಡಿಎಂಎ" ಎಂಬ ಟಿಕ್ ಇದೆ. ಯುಎಸ್‌ಬಿ ಡ್ರೈವಿಗೂ ಈ ಪುಟಕ್ಕೂ ಸಂಬಂಧವೇ ಇಲ್ಲ, ಅಲ್ಲಿ ಹುಡುಕಿ ದಣಿಯಬೇಡಿ.

ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಸಿಡಿ ಕ್ಯಾಶ್, ಅಂದರೆ ಓದಿದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ, ಹೆಚ್ಚಿಸಿದರೆ ಡ್ರೈವ್ ಹಾರುತ್ತದೆ ಎಂಬ ಉಪದೇಶ ಇನ್ನೂ ಕೈಯಿಂದ ಕೈಗೆ ದಾಟುತ್ತಿದೆ. ಅದು ವಿಂಡೋಸ್ 95, 98ರ ಮಾತು. ಆಗ ಸಿಸ್ಟಮ್ ಪ್ರಾಪರ್ಟೀಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಫೈಲ್ ಸಿಸ್ಟಮ್ ಒತ್ತಿದರೆ ಸಿಡಿ ರೋಮ್ ಟ್ಯಾಬ್ ಇತ್ತು. ಕ್ಯಾಶ್ ಸ್ಲೈಡರ್ ಪೂರ್ತಿ ಬಲಕ್ಕೆ ಎಳೆದು ಕೆಳಗೆ "ಕ್ವಾಡ್ ಸ್ಪೀಡ್ ಆರ್ ಹೈಯರ್" ಆರಿಸಿದರೆ 1,238 ಕೆಬಿ ಮೆಮೊರಿ ಮೀಸಲಾಗುತ್ತಿತ್ತು. 4 ಎಕ್ಸ್ ಡ್ರೈವಿನ ಕಾಲಕ್ಕೆ ಅದು ಸಾರ್ಥಕ ಕೆಲಸ. ಎಕ್ಸ್‌ಪಿ ಬಂದಾಗ ಆ ಟ್ಯಾಬೇ ಹೋಯಿತು, ಖಾಲಿ ಮೆಮೊರಿಯನ್ನು ವಿಂಡೋಸ್ ತಾನೇ ಕ್ಯಾಶ್ ಮಾಡಿಕೊಳ್ಳುತ್ತದೆ. ಇವತ್ತಿನ ಯಂತ್ರದಲ್ಲಿ ಆ ಕೀ ಸೇರಿಸಿದರೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ.

ವಿಂಡೋಸ್ 10, 11ರಲ್ಲಿ ತಿದ್ದಲು ಯೋಗ್ಯವಾದದ್ದು ಮೂರು. ಮೂರೂ ಓದುವ ವೇಗ ಹೆಚ್ಚಿಸುವುದಿಲ್ಲ, ಕಾಯುವ ಹೊತ್ತು ಕಡಿಮೆ ಮಾಡುತ್ತವೆ. ಅವುಗಳಲ್ಲಿ ದೊಡ್ಡದು ಥಂಬ್‌ನೇಲ್. ಸ್ಟುಡಿಯೋದವರು ಕೊಟ್ಟ 800 ಫೋಟೋದ ಡಿವಿಡಿ ತೆರೆದ ಕೂಡಲೇ ಎಕ್ಸ್‌ಪ್ಲೋರರ್ ಒಂದೊಂದು ಫೋಟೋವನ್ನೂ ಓದಿ ಪುಟ್ಟ ಚಿತ್ರ ಬಿಡಿಸಲು ಕೂರುತ್ತದೆ. ಅದೇ ಹೊತ್ತಿಗೆ ನೀವು ಕಾಪಿ ಕೊಟ್ಟರೆ ಲೆನ್ಸು ಎರಡು ಕಡೆ ಓಡಾಡಬೇಕು, ಎರಡೂ ಹಾಳು. ಫೋಲ್ಡರ್ ಆಪ್ಷನ್ಸ್‌ನ ವ್ಯೂ ಪುಟದಲ್ಲಿ "ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್" ಟಿಕ್ ಮಾಡಿ. ಅದೂ ಬೇಡವೆಂದರೆ ಫೋಲ್ಡರ್ ಒಳಗೆ ಹೋಗದೆ ಹೊರಗಿನಿಂದಲೇ ಇಡೀ ಫೋಲ್ಡರ್ ಕಾಪಿ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿ. ಎರಡನೆಯದು ಡಿಸ್ಕ್ ಹಾಕಿದ ಕೂಡಲೇ ತಾನಾಗಿ ತೆರೆಯುವ ಆಟೊಪ್ಲೇ, ಆಫ್ ಮಾಡಿ. ಮೂರನೆಯದು, ಸುಮ್ಮನಿರುವ ಸಾಧನವನ್ನು ಮಲಗಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್: ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್, ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ಅಲ್ಲಿ ಯುಎಸ್‌ಬಿ ಸಾಲಿನಲ್ಲಿ ಡಿಸೇಬಲ್. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣುವುದಿಲ್ಲ. ಅಂಥ ಕಡೆ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ಕರೆಂಟ್ ಉಳಿಸಲು ಸಾಧನವನ್ನು ಆಫ್ ಮಾಡಲು ಒಪ್ಪಿಗೆ ಕೊಡುವ ಟಿಕ್ ತೆಗೆಯಿರಿ. ಡಿಸ್ಕ್ ಬೇಗ ಓಡಲೆಂದು ಆಂಟಿವೈರಸ್ ನಿಲ್ಲಿಸುವ ಸಲಹೆ ಮಾತ್ರ ಬೇಡ. ಹಳೇ ಸಾಫ್ಟ್‌ವೇರಿನ ಸೆಟಪ್ ಅನ್ನು ಡಿಸ್ಕಿನಿಂದ ನಡೆಸದೆ ಹಾರ್ಡ್ ಡಿಸ್ಕಿಗೆ ಹಾಕಿಕೊಂಡು ನಡೆಸಿದರೆ ಅದೇ ಫಲ ಸಿಗುತ್ತದೆ.

ಸ್ಕ್ಯಾನ್ ಸಿಡಿಗೆ ಪ್ರತ್ಯೇಕ ಮಾತು ಬೇಕು, ಹೆಚ್ಚು ಜನ ತಲೆ ಕೆಡಿಸಿಕೊಳ್ಳುವುದು ಅಲ್ಲೇ. ಅದರೊಳಗೆ ಡೈಕಾಮ್ ಎಂಬ ವೈದ್ಯಕೀಯ ಚಿತ್ರ ರೂಪದ ನೂರಾರು ಫೈಲು. ಸಿಟಿಯ ಒಂದು ಸ್ಲೈಸ್ ಸಾಮಾನ್ಯವಾಗಿ 512 ಅಡ್ಡ 512 ಬಿಂದು, ಫೈಲೊಂದಕ್ಕೆ ಅರ್ಧ ಎಂಬಿ. ಜೊತೆಗೆ ನೋಡಲು ಒಂದು ವ್ಯೂವರ್ ತಂತ್ರಾಂಶವನ್ನೂ ಅದೇ ಸಿಡಿಯಲ್ಲಿ ಹಾಕಿರುತ್ತಾರೆ. ಡಬಲ್ ಕ್ಲಿಕ್ ಮಾಡಿದರೆ ವ್ಯೂವರ್ ತಾನೂ ಸಿಡಿಯಿಂದ ಓಡುತ್ತ, ಚಿತ್ರಗಳನ್ನೂ ಅಲ್ಲಿಂದಲೇ ಹೆಕ್ಕುತ್ತ ಹೋಗುತ್ತದೆ. ಲೆನ್ಸ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಲು ಪ್ರತಿ ಸಲ ಸೆಕೆಂಡಿನ ಆರನೇ, ಏಳನೇ ಒಂದು ಭಾಗ ಬೇಕು. ನೂರಾರು ಹಾರಾಟ ಸೇರಿದರೆ ನಿಮಿಷಗಳು ಹೋಗುತ್ತವೆ, ಡಾಕ್ಟರು ಫಿಲ್ಮನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ದಾರಿ ಇದು: ಇಮ್ಗ್‌ಬರ್ನ್ ತಂತ್ರಾಂಶದಲ್ಲಿ "ಕ್ರಿಯೇಟ್ ಇಮೇಜ್ ಫೈಲ್ ಫ್ರಮ್ ಡಿಸ್ಕ್" ಕೊಟ್ಟು ಇಡೀ ಸಿಡಿಯನ್ನು ಒಂದೇ ಐಎಸ್‌ಒ ಫೈಲ್ ಮಾಡಿ. ಆಗ ಲೆನ್ಸು ಹಾರದೆ ಒಳಗಿನಿಂದ ಹೊರಗೆ ನೇರ ಓದುತ್ತ ಹೋಗುತ್ತದೆ. ಆಮೇಲೆ ಐಎಸ್‌ಒ ಮೇಲೆ ರೈಟ್ ಕ್ಲಿಕ್ ಮಾಡಿ ಮೌಂಟ್. ವಿಂಡೋಸ್ 8ರಿಂದ ಇದಕ್ಕೆ ಬೇರೆ ತಂತ್ರಾಂಶ ಬೇಡ. ವ್ಯೂವರಿಗೆ ಅದು ಸಿಡಿಯಂತೆಯೇ ಕಾಣುತ್ತದೆ, ತೆರೆಯುವುದು ಹಾರ್ಡ್ ಡಿಸ್ಕಿನ ವೇಗದಲ್ಲಿ. ಊರು ಬಿಡುವ ಮುಂಚೆ ಇದೇ ಐಎಸ್‌ಒ ಒಂದು ಪೆನ್‌ಡ್ರೈವಿಗೆ ಹಾಕಿ ಇಟ್ಟುಕೊಂಡರೆ ಬಸ್ಸಿನಲ್ಲಿ ಸಿಡಿ ಗೀರಿಸಿಕೊಂಡರೂ ಚಿಂತೆಯಿಲ್ಲ. ಇಮ್ಗ್‌ಬರ್ನ್ ಉಚಿತ. ಆವೃತ್ತಿ 2.5.8, 2013ರದು. ಹಾಕುವಾಗ ಬೇಡದ ತಂತ್ರಾಂಶದ ಆಹ್ವಾನ ಬಂದರೆ ಟಿಕ್ ತೆಗೆಯಿರಿ.

ಗೀರು ಬಿದ್ದ ಡಿಸ್ಕಿಗೆ ಬಂದರೆ ಮೇಲಿನ ಉಪದೇಶವೆಲ್ಲ ತಲೆಕೆಳಗು. ಇಲ್ಲಿ ವೇಗ ಇಳಿಸಿದರೇ ಬೇಗ ಮುಗಿಯುತ್ತದೆ. ಡ್ರೈವ್ ಜೋರಾಗಿ ತಿರುಗುವಾಗ ಡಿಸ್ಕ್ ಅದುರುತ್ತದೆ, ಗೀರಿನ ಮೇಲೆ ಲೇಸರ್ ಜಾಡು ತಪ್ಪುತ್ತದೆ, ಮತ್ತೆ ಹಿಂದೆ ಬಂದು ಓದುತ್ತದೆ, ವೇಗ ಇಳಿಸುತ್ತದೆ, ಸರಿ ಹೋಯಿತೆಂದು ಮತ್ತೆ ಏರಿಸುತ್ತದೆ, ಮತ್ತೆ ತಪ್ಪುತ್ತದೆ. ಈ ಏರಿಳಿತಕ್ಕೇ ಹೊತ್ತು ಹೋಗುವುದು. ತೊಂದರೆ ಡಿಸ್ಕಿನದೇ ಎಂದು ಖಾತ್ರಿ ಮಾಡಿಕೊಳ್ಳಲು ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಸಿಸ್ಟಮ್ ನೋಡಿ. ಮೂಲ "ಸಿಡಿರೋಮ್", ಈವೆಂಟ್ ಸಂಖ್ಯೆ 7, "ಬ್ಯಾಡ್ ಬ್ಲಾಕ್" ಎಂಬ ಸಾಲುಗಳು ಸಾಲುಗಟ್ಟಿದ್ದರೆ ಸೆಟ್ಟಿಂಗ್ ಬಿಡಿ, ಡಿಸ್ಕ್ ಒರೆಸಿ. ಒರೆಸುವುದು ನಡುವಿನಿಂದ ಅಂಚಿಗೆ ನೇರ, ಸುತ್ತಲೂ ಅಲ್ಲ. ನಂತರ ಇಮ್ಗ್‌ಬರ್ನ್‌ನ ಓದುವ ಪುಟದಲ್ಲಿ ರೀಡ್ ಸ್ಪೀಡ್ 4 ಎಕ್ಸ್‌ಗೆ ಇಳಿಸಿ. ಲಿನಕ್ಸ್‌ನಲ್ಲಿ ಇಜೆಕ್ಟ್ ಕಮಾಂಡಿಗೆ -x ಆಯ್ಕೆ ಹಚ್ಚಿ 4 ಕೊಟ್ಟರೆ ಅದೇ ಕೆಲಸ, 0 ಕೊಟ್ಟರೆ ಮತ್ತೆ ಗರಿಷ್ಠ. ಕೆಲವು ಡ್ರೈವ್‌ಗಳು ಈ ಮಾತನ್ನು ಕೇಳುವುದಿಲ್ಲ, ಅದು ಡ್ರೈವಿನೊಳಗೇ ಕೂತ ತಂತ್ರಾಂಶದ, ಅಂದರೆ ಫರ್ಮ್‌ವೇರಿನ ಮರ್ಜಿ. ವಿಡಿಯೋ ಡಿವಿಡಿ ಎಂದು ಗುರುತಿಸಿದ ಕೂಡಲೇ ತಾವಾಗಿ ವೇಗಕ್ಕೆ ಕಡಿವಾಣ ಹಾಕುವ ಡ್ರೈವ್‌ಗಳೂ ಇವೆ. ಅದಕ್ಕೂ ವಿಂಡೋಸ್‌ನಲ್ಲಿ ಮದ್ದಿಲ್ಲ.

ನಿಜಕ್ಕೂ ಬೆಲೆಯುಳ್ಳ ಡಿಸ್ಕಾದರೆ, ಅಜ್ಜನ ದನಿಯಿರುವ ಭಜನೆಯಂಥದ್ದು, ಉಬುಂಟು ಎಂಬ ಲಿನಕ್ಸ್‌ನಲ್ಲಿ, ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಬಳಸಿ. ಅದು ಡೇಟಾ ಡಿಸ್ಕಿಗೆ. ಆಡಿಯೋ ಸಿಡಿಗೆ ಒಗ್ಗುವುದಿಲ್ಲ. ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಸೆಕ್ಟರ್ ಅಳತೆ 2048 ಕೊಟ್ಟು, ಮೊದಲ ಸುತ್ತಿನಲ್ಲಿ ಎನ್ ಆಯ್ಕೆಯೊಡನೆ ಓಡಿಸಿ. ಓದಲು ಸುಲಭವಾದದ್ದನ್ನೆಲ್ಲ ಮೊದಲು ಎತ್ತಿಕೊಂಡು ಕೆಟ್ಟ ಭಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಡಿ ಆಯ್ಕೆ, ಆರ್ 3 ಕೊಟ್ಟರೆ ಬಿಟ್ಟದ್ದನ್ನು ಮಾತ್ರ ಮೂರು ಸಲ ಪ್ರಯತ್ನಿಸುತ್ತದೆ. ಯಾವುದು ಓದಿ ಆಯಿತು, ಯಾವುದು ಉಳಿಯಿತು ಎಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರು ಕೊಡಲು ಮರೆಯಬೇಡಿ. ಅದಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯಬಹುದು, ಅದೇ ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿ ಉಳಿದದ್ದನ್ನು ಓದಿಸಲೂಬಹುದು. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಓದುವುದು ಸಾಮಾನ್ಯ.

ವಧೂವರರ ಫೋಟೋ ಇರುವ ಕಾಗದದ ಸ್ಟಿಕ್ಕರ್ ಅಂಟಿಸಿದ ಮದುವೆ ಡಿವಿಡಿ ಇನ್ನೊಂದು ತಲೆನೋವು. ಸ್ಟಿಕ್ಕರ್ ಒಂದಿಷ್ಟು ಪಕ್ಕಕ್ಕೆ ಸರಿದಿದ್ದರೂ ತೂಕ ಒಂದು ಕಡೆ ಎಳೆದು ಡಿಸ್ಕ್ ಗುಂಯ್ ಎನ್ನುತ್ತದೆ. ಪಾದರಸ 40 ದಾಟುವ ನಮ್ಮ ಬೇಸಿಗೆಯಲ್ಲಿ ಅಂಚು ಎದ್ದು ಡ್ರೈವಿನೊಳಗೆ ಉಜ್ಜುತ್ತದೆ. ಕೀಳಲು ಹೋದರೆ, ಸಿಡಿಯಾದರೆ ಡೇಟಾ ಪದರವೇ ಕಿತ್ತು ಬರಬಹುದು. ಡಿವಿಡಿಯಲ್ಲಿ ಪದರ ಎರಡು ಪ್ಲಾಸ್ಟಿಕ್ ನಡುವೆ ಇರುವುದರಿಂದ ಅಷ್ಟು ಅಪಾಯವಿಲ್ಲ, ಆದರೂ ಕೀಳದೆ 2 ಅಥವಾ 4 ಎಕ್ಸ್‌ನಲ್ಲಿ ಓದಿಸಿಬಿಡುವುದೇ ಲೇಸು.

ಧೂಳಿನ ವಿಷಯದಲ್ಲಿ ಸ್ಲಿಮ್ ಡ್ರೈವಿಗೆ ಒಂದು ಅನುಕೂಲ, ಒಂದು ಅನನುಕೂಲ. ಟ್ರೇ ಹೊರಗೆ ಬಂದಾಗ ಲೆನ್ಸೂ ಅದರ ಜೊತೆಗೇ ಬರುತ್ತದೆ. ತೆರೆದಿಟ್ಟು ಮರೆತರೆ ಕರಿಮಣ್ಣಿನ ಧೂಳು ನೇರ ಲೆನ್ಸಿನ ಮೇಲೆ ಕೂರುತ್ತದೆ. ಆದರೆ ಒರೆಸಲೂ ಬಿಚ್ಚಬೇಕಾಗಿಲ್ಲ. ಮೊಬೈಲ್ ರಿಪೇರಿಯವರ ಬಳಿ ಇರುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಣ ಎರಡು ಹನಿ ಹತ್ತಿಯ ಇಯರ್ ಬಡ್‌ಗೆ ಹಾಕಿ, ಲೆನ್ಸ್ ಮೇಲೆ ಭಾರ ಬಿಡದೆ ಒಮ್ಮೆ ಸವರಿ, ಎರಡು ನಿಮಿಷ ಆರಲು ಬಿಡಿ. ಲೆನ್ಸ್ ಕೂತಿರುವುದು ಕೂದಲೆಳೆಯಂಥ ತಂತಿಗಳ ಮೇಲೆ, ಒತ್ತಿದರೆ ಕತೆ ಮುಗಿಯಿತು. ನೇಲ್ ಪಾಲಿಶ್ ತೆಗೆಯುವ ದ್ರವ ಬೇಡ, ಲೆನ್ಸಿನ ಪ್ಲಾಸ್ಟಿಕ್ ಮಂಜಾಗುತ್ತದೆ. ಹೊಸ ಡಿಸ್ಕು ಕೂಡ ಓದದೆ ಹಳೇ ಕಂಪನಿ ಸಿಡಿ ಮಾತ್ರ ಓದುತ್ತಿದ್ದ ಡ್ರೈವ್‌ಗಳು ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತವೆ.

ಬರೆಯುವ ಕೆಲಸದಲ್ಲಿ ಈ ಡ್ರೈವ್ ಮಧ್ಯಮ. 8 ಎಕ್ಸ್ ಬಿಟ್ಟು 4 ಎಕ್ಸ್‌ನಲ್ಲಿ ಬರೆದು, ಬರೆದದ್ದು ಸರಿಯಿದೆಯೇ ಎಂದು ನೋಡುವ ವೆರಿಫೈ ಕೊಡಿ. ಡೆಸ್ಕ್‌ಟಾಪಾದರೆ ಯುಪಿಎಸ್ ಇಲ್ಲದೆ ಬರೆಯಬೇಡಿ. ದಿನಕ್ಕೆ ಐವತ್ತು ಡಿಸ್ಕ್ ಬರೆಯುವ ಸ್ಟುಡಿಯೋದವರಿಗೆ ಇದು ತಕ್ಕುದಲ್ಲ, ಅವರಿಗೆ ಸಾಟಾ ಕೇಬಲ್ಲಿನ 24 ಎಕ್ಸ್ ಒಳಡ್ರೈವೇ ಬೇಕು.

"ಡ್ರೈವ್ ಸ್ಪೀಡ್ ಮಾಡಿ ಕೊಡ್ತೀವ್ರಿ" ಎನ್ನುವ ಸರ್ವಿಸ್ಸಿಗೆ ಹಣ ಕೊಡಬೇಕೇ? ಐಡಿಇ ಯಂತ್ರವಾದರೆ, ಡಿಎಂಎ ಸರಿಮಾಡಿ ಕೇಬಲ್ ಬದಲಿಸಿದರೆ, ಕೊಡಿ, ನ್ಯಾಯವಾದ ಕೆಲಸ. ರಿಜಿಸ್ಟ್ರಿಯ ಅಪ್ಪರ್ ಫಿಲ್ಟರ್ಸ್, ಲೋವರ್ ಫಿಲ್ಟರ್ಸ್ ಎಂಬ ನಮೂದುಗಳನ್ನು ಅಳಿಸುವುದು ವೇಗಕ್ಕಲ್ಲ. ಡ್ರೈವ್ ಕಾಣೆಯಾಗಿ ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 19 ಅಥವಾ 39 ಬಂದಾಗ ಮಾಡುವ ಚಿಕಿತ್ಸೆ ಅದು. ಅಳಿಸುವ ಮುಂಚೆ 4ಡಿ36ಇ965 ಎಂದು ಶುರುವಾಗುವ ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡರೇ ಎಂದು ಕೇಳಿ. ಪಕ್ಕದ 4ಡಿ36ಇ967 ಹಾರ್ಡ್ ಡಿಸ್ಕಿನದು. ಅಲ್ಲಿ ಕೈ ತಪ್ಪಿದರೆ ವಿಂಡೋಸ್ ಏಳದೆ ಹೋಗಬಹುದು. ಹೊಸ ಡ್ರೈವ್ ಕೊಳ್ಳುವುದಾದರೆ ನಿಮ್ಮದೇ ಲ್ಯಾಪ್‌ಟಾಪು, ಮನೆಯಲ್ಲಿ ಸತಾಯಿಸುವ ಒಂದು ಡಿಸ್ಕು, ತುಂಬಿದ ಒಳ್ಳೇ ಡಿವಿಡಿ ಒಂದು ಒಯ್ದು ಕೌಂಟರ್ ಮೇಲೇ ಓದಿಸಿ ನೋಡಿ. ಒಳ್ಳೇ ಡಿವಿಡಿಯ ದೊಡ್ಡ ಫೈಲುಗಳಲ್ಲಿ ಕೊನೆಯದನ್ನು ಕಾಪಿ ಕೊಟ್ಟಾಗ ವೇಗ 9, 10 ಎಂಬಿಯ ಹತ್ತಿರ ನಿಂತರೆ ಬಿಲ್ ಹಾಕಿಸಿ, ಸೀರಿಯಲ್ ನಂಬರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.